ಹಿಂದಲ ಕಿಟಕಿಯ ಮಳೆಗಾಲ

ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಿದ್ದರೆ ಕೆಲವರಿಗೆ ಊರ ಬಾವಿ ನೆನಪಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳ ಪ್ರಯೋಗಾಲಯದಲ್ಲಿ ಅದನ್ನೇ ಉಸಿರಾಡಿ ಸಂಬಳ ತೆಗೆದುಕೊಂಡವರಿಗೆ ಅದರ ಮೇಲೆ ಸಿಟ್ಟಾಗುವ ಹಕ್ಕಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಸಿಟ್ಟು ವಾಸನೆಯ ಮೇಲಲ್ಲ ಎಂದು ವಿವರಿಸಲು ಹೋಗಿ ಪ್ರತಿ ಸಲವೂ ನನ್ನ ಕಾಫಿ ಆರಿಹೋಗಿದೆ.

ಕಳೆದ ತಿಂಗಳು ಸಕ್ಕರೆ ಪರೀಕ್ಷೆಗೆಂದು, ನಾನು ಒಂದು ಕಾಲದಲ್ಲಿ ಕೆಲಸ ಮಾಡಿದ್ದ ತಾಲ್ಲೂಕು ಆಸ್ಪತ್ರೆಗೇ ಹೋದೆ. ಯಾವ ಊರಿನದೆಂದು ಬರೆಯುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕು ಊರಿನ ನೀರನ್ನೂ ಕುಡಿದಿದ್ದೇನೆ. ನಾಲ್ಕು ಊರಿನವರ ಮೂತ್ರವನ್ನೂ ಬೆಳಕಿಗೆ ಹಿಡಿದು ನೋಡಿದ್ದೇನೆ. ಈಗ ಹೇಳುವುದು ನಾಲ್ಕರಲ್ಲಿ ಒಂದರ ಸಂಗತಿ. ಉಳಿದ ಮೂರು ಊರಿನವರು ‘ಸದ್ಯ, ನಮ್ಮದಲ್ಲ’ ಎಂದು ನೆಮ್ಮದಿಯಿಂದ ಮಲಗಬಾರದೆಂದೇ ಹೆಸರು ಬಿಟ್ಟಿದ್ದೇನೆ.

ಸ್ಟೂಲಿನ ಮೇಲೆ ಕೂತು ತೋಳು ಚಾಚಿದೆ. ಕಾಲ ಬಳಿ ಬಕೆಟ್ಟಿನಲ್ಲಿ ಬ್ಲೀಚಿಂಗ್ ನೀರು. ಹೊಸದಾಗಿ ಬಂದ ಟೆಕ್ನಿಷಿಯನ್ ಹುಡುಗಿ ತೋಳಿಗೆ ರಬ್ಬರು ಬಿಗಿಯುತ್ತಿದ್ದಂತೆ ವಾಸನೆ ತಲೆಗೇರಿತು. ನಾನು ಆ ಮಳೆಗಾಲಕ್ಕೆ ಹೋಗಿಬಿಟ್ಟಿದ್ದೆ.

ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷವಾಗಿತ್ತು. ಏಡ್ಸ್ ಎಂಬುದು ಅಲ್ಲಿಯತನಕ ನಮಗೆ ಬಸ್ ನಿಲ್ದಾಣದ ಗೋಡೆಯ ಮೇಲಿನ ಬರಹವಾಗಿತ್ತು, ಲಾರಿಯವರ ಕಾಯಿಲೆಯಾಗಿತ್ತು, ಬೊಂಬಾಯಿಯದಾಗಿತ್ತು. ಆ ವರ್ಷ ಎಚ್.ಐ.ವಿ. ಪರೀಕ್ಷೆಯ ಕಿಟ್ಟುಗಳು ನಮ್ಮ ಲ್ಯಾಬಿನ ಫ್ರಿಜ್ಜಿಗೇ ಬಂದವು. ಬಸುರಿಯರೆಲ್ಲರ ರಕ್ತವನ್ನೂ ಪರೀಕ್ಷಿಸಬೇಕೆಂದು ಆದೇಶವಾಯಿತು. ಆದೇಶದ ಹಿಂದೆಯೇ ತರಬೇತಿ ಬಂತು. ಮೈಸೂರಿನಲ್ಲಿ ಮೂರು ದಿನ, ಹೊಸ ಬ್ಯಾಗು, ಹೊಸ ಪೆನ್ನು, ಮಧ್ಯಾಹ್ನ ಹೋಳಿಗೆ ಊಟ. ಕೊನೆಯ ದಿನ ಒಂದು ಪ್ರಶ್ನೆಪತ್ರಿಕೆ ಹಂಚಿದರು. ಪ್ರಯೋಗಾಲಯದ ಸಿಬ್ಬಂದಿಗೆ ಈ ರೋಗದ ಬಗ್ಗೆ ಎಷ್ಟು ಅರಿವಿದೆ ಎಂದು ಅಳೆಯುವುದಂತೆ. ಸೊಳ್ಳೆ ಕಚ್ಚಿದರೆ ಹರಡುವುದೇ? ಇಲ್ಲ. ಕೈ ಕುಲುಕಿದರೆ? ಇಲ್ಲ. ಹನ್ನೊಂದನೆಯ ಪ್ರಶ್ನೆ ನನಗೆ ಇವತ್ತಿಗೂ ಬಾಯಿಪಾಠ: ಸೋಂಕಿತರು ಬಳಸಿದ ಲೋಟದಲ್ಲಿ ಕುಡಿದರೆ ರೋಗ ಹರಡುವುದೇ? ಇಲ್ಲ. ಇಪ್ಪತ್ತಕ್ಕೆ ಇಪ್ಪತ್ತು ಬಂತು. ಚಪ್ಪಾಳೆಯಾಯಿತು. ಒಂದು ಪ್ರಮಾಣಪತ್ರ ಕೊಟ್ಟರು. ನಾನದಕ್ಕೆ ಕಟ್ಟು ಹಾಕಿಸಿ ಲ್ಯಾಬಿನ ಗೋಡೆಗೆ, ಸೂಕ್ಷ್ಮದರ್ಶಕದ ನೆತ್ತಿಯ ಮೇಲೆ, ಮನೆದೇವರ ಫೋಟೋದಂತೆ ತೂಗುಹಾಕಿದೆ.

ಆ ಪ್ರಮಾಣಪತ್ರದ ಕೆಳಗೆ ನಾವು ಮಾಡುತ್ತಿದ್ದ ಕೆಲಸವನ್ನು ಈಗ ಕೇಳಿ. ಪಾಸಿಟಿವ್ ಎಂದು ಗೊತ್ತಾದ ರಕ್ತದ ಕೊಳವೆಗೆ ಕೆಂಪು ದಾರ ಕಟ್ಟಿ ಬೇರೆ ಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತಿದ್ದೆವು. ಅದನ್ನು ಮುಟ್ಟಲು ಎರಡು ಜೊತೆ ಕೈಗವಸು. ಇನ್ನೂ ಪರೀಕ್ಷೆಯಾಗದ ರಕ್ತವನ್ನೋ, ಬರಿಗೈಯಲ್ಲಿ ಹಿಡಿದು, ಹಿಮೋಗ್ಲೋಬಿನ್ ನೋಡುವ ಸಣ್ಣ ಗಾಜಿನ ಕೊಳವೆಗೆ ಬಾಯಿಟ್ಟು, ಎಳನೀರು ಹೀರುವಂತೆ ಹೀರುತ್ತಿದ್ದೆವು. ಗೊತ್ತಿರುವ ರಕ್ತಕ್ಕೆ ಭಯ, ಗೊತ್ತಿಲ್ಲದ ರಕ್ತಕ್ಕೆ ಬಾಯಿ. ಇಪ್ಪತ್ತಕ್ಕೆ ಇಪ್ಪತ್ತು ತೆಗೆದವನಿಗೆ ಇದರಲ್ಲಿ ಏನೋ ತಲೆಕೆಳಗಾಗಿದೆ ಎಂದು ಒಂದು ದಿನವೂ ಅನ್ನಿಸಲಿಲ್ಲ.

ತರಬೇತಿಯಿಂದ ನಾನು ಹೊತ್ತು ತಂದ ಇನ್ನೊಂದು ಮಾತು ಗೌಪ್ಯತೆ. ಸೋಂಕಿತರ ಹೆಸರು ಹೊರಗೆ ಬರಬಾರದು, ಫಲಿತಾಂಶವನ್ನು ಬಸುರಿಯರ ಕಾರ್ಡಿನ ಮೇಲೆ ಬರೆಯಬಾರದು, ವರದಿಯನ್ನು ಗುಟ್ಟಾಗಿ ಕೊಡಬೇಕು. ನಮ್ಮ ಲ್ಯಾಬಿಗೆ ಎರಡು ಕಿಟಕಿ. ಮುಂದಿನದು ಜಗಲಿಗೆ ತೆರೆದದ್ದು. ಎಲ್ಲರೂ ಬೆಂಚಿನ ಮೇಲೆ ಕೂತು ಅಲ್ಲಿಯೇ ವರದಿ ಪಡೆಯುತ್ತಿದ್ದರು. ಹಿಂದಿನದು ನೇರಳೆ ಮರದ ಕಡೆಗೆ, ಅದರ ಕೆಳಗೊಂದು ಕಲ್ಲುಚಪ್ಪಡಿ, ಜನಸಂಚಾರವಿಲ್ಲ. ಪಾಸಿಟಿವ್ ಬಂದವರಿಗೆ ಹಿಂದಿನ ಕಿಟಕಿಯಲ್ಲಿ ಕೊಡೋಣ ಎಂದು ನಾನೇ ಯೋಚಿಸಿದೆ. ನಮ್ಮ ಅಟೆಂಡರ್ ಮಾದಯ್ಯ, ಐವತ್ತು ದಾಟಿದ ನಿಷ್ಠಾವಂತ, ಈ ಗೌಪ್ಯತೆಯ ಪಾಲನೆಯನ್ನು ವಹಿಸಿಕೊಂಡ. ಜಗಲಿಯ ತುದಿಯಲ್ಲಿ ನಿಂತು, ಬೆಂಚಿನ ಮೇಲಿದ್ದ ನಲವತ್ತು ಜನಕ್ಕೂ ಕೇಳುವಂತೆ ಹೆಸರು ಹಿಡಿದು ಕೂಗುತ್ತಿದ್ದ: “ನೀವು ಇಂದ್ಲ ಕಿಟ್ಕಿಗೆ ಬನ್ನೀ! ನಿಮ್ದು ಗೋಪ್ಯ!”

ಒಂದು ತಿಂಗಳು ಸಾಕಾಯಿತು. ತಾಲ್ಲೂಕಿನಲ್ಲಿ ಆ ಕಾಯಿಲೆಗೆ ಹೊಸ ಹೆಸರು ಹುಟ್ಟಿತು. ಬಸ್ಸಿನಲ್ಲಿ ನನ್ನ ಹಿಂದೆ ಕೂತಿದ್ದ ಇಬ್ಬರು ಮಾತಾಡಿಕೊಂಡದ್ದನ್ನು ನಾನೇ ಕೇಳಿದೆ.

“ಅವ್ನ ಜೊತೆ ಬೀಡಿ ಅಂಚ್ಕಬ್ಯಾಡ ಕಣ್ಲಾ. ಇಂದ್ಲ ಕಿಟ್ಕಿ ಗಿರಾಕಿ ಅವ್ನು.”

“ನೀ ಕಂಡಿದ್ದಾ?”

“ನೇರ್ಳೆ ಮರದ್ ತಾವ ನಿಂತಿದ್ದ. ಇನ್ನೇನ್ ನೇರ್ಳೆಹಣ್ಣು ಆಯಕ್ಕೆ ಬಂದಿದ್ನಾ?”

ನಾನು ಕಿಟಕಿಯಾಚೆ ನೋಡುತ್ತ ಕೂತೆ. ಜನ ಅಜ್ಞಾನಿಗಳು ಎಂದುಕೊಂಡೆ. ಅಷ್ಟು ಸುಲಭವಾಗಿ ಅಂದುಕೊಂಡದ್ದಕ್ಕೆ ಈಗಲೂ ಮೈ ಉರಿಯುತ್ತದೆ.

ರತ್ನ ಬಂದದ್ದು ಆಷಾಢದ ಒಂದು ಗುರುವಾರ. ಕೊಡಗಿನ ಕಡೆಯಿಂದ ಬೀಸಿದ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಬಸುರಿಯರ ತಪಾಸಣೆಯ ದಿನ, ಮುಂದಿನ ಕಿಟಕಿಯ ಮುಂದೆ ಒದ್ದೆ ಸೆರಗು, ಒದ್ದೆ ಛತ್ರಿಗಳ ಒಂದೇ ನೂಕು. ಅವಳಿಗೆ ಏಳು ತಿಂಗಳು, ಚೊಚ್ಚಲು, ತುಟಿ ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ ಕಡಿಮೆಯೆಂದು ಬೆಳಿಗ್ಗೆಯಷ್ಟೇ ಬರೆದಿದ್ದೆ. ಜನರ ನಡುವೆ ಇನ್ನೇನು ಕುಸಿಯುತ್ತಾಳೆ ಎನ್ನಿಸಿ, ಕಿಟಕಿಯಿಂದ ನಾನೇ ಹೇಳಿದೆ: “ನೀನು ಹಿಂದೆ ಹೋಗಿ ಕಲ್ಲಿನ ಮೇಲೆ ಕೂತ್ಕೊಳಮ್ಮ, ಅಲ್ಲೇ ಕಾರ್ಡು ಕೊಡ್ತೀನಿ.”

ಕರುಣೆ. ಶುದ್ಧ ಕರುಣೆ. ಅದಕ್ಕಿಂತ ನಾನವಳ ಕಪಾಳಕ್ಕೆ ಹೊಡೆದಿದ್ದರೆ ಲೇಸಿತ್ತು.

ಅವಳ ಅತ್ತೆ ನಿಂಗಮ್ಮ ಛತ್ರಿ ಹಿಡಿದು ಜಗಲಿಯಲ್ಲೇ ನಿಂತಿದ್ದಳು. ಸೊಸೆ ನೇರಳೆ ಮರದ ಕಡೆ ಹೋದದ್ದನ್ನು ಕಂಡಳು; ಬೆಂಚಿನವರೆಲ್ಲ ಕಂಡದ್ದನ್ನೂ ಕಂಡಳು. ಅವಳಿಗೆ ಓದು ಬರದು. ಊರಿಗೆ ಹೋಗುವ ಬಸ್ಸಿನಲ್ಲಿ ಸೊಸೆಯ ಕಾರ್ಡನ್ನು ಕಿತ್ತುಕೊಂಡು ಪಕ್ಕದವನ ಕೈಗೆ ಕೊಟ್ಟಳು. ಅವನು ಓದಿದ: “ಬಿ ಪಾಸಿಟಿವ್ ಅಂತ ಬರ್ದವ್ರೆ.” ಅದು ರಕ್ತದ ಗುಂಪು. ಎಚ್.ಐ.ವಿ. ಪರೀಕ್ಷೆಯಲ್ಲಿ ಅವಳದು ನೆಗೆಟಿವ್ ಬಂದಿತ್ತು. ಆದರೆ ಅದನ್ನು ಕಾರ್ಡಿನ ಮೇಲೆ ಬರೆಯುವಂತಿರಲಿಲ್ಲವಲ್ಲ, ಗೌಪ್ಯತೆ! ಅವಳನ್ನು ಕಾಪಾಡಬಹುದಾಗಿದ್ದ ಒಂದೇ ಒಂದು ಪದ ನನ್ನ ರಿಜಿಸ್ಟರಿನಲ್ಲಿ ಭದ್ರವಾಗಿತ್ತು. ಕೊಲ್ಲುವ ಪದ ಕಾರ್ಡಿನ ಮೇಲಿತ್ತು, ನನ್ನದೇ ದುಂಡನೆಯ ಕೈಬರಹದಲ್ಲಿ.

ಮೂರು ವಾರದ ಮೇಲೆ ಮಾದಯ್ಯ ಸುದ್ದಿ ತಂದ. ಅವನ ನಂಟರ ಹಳ್ಳಿ ಅದು.

“ಸಾ, ಆ ರತ್ನ ಅನ್ನೋ ಎಣ್ಮಗ್ಳನ್ನ ಒಗೆಸೊಪ್ಪಿನ್ ಬ್ಯಾರನ್ ಪಕ್ಕದ ಚಪ್ರಕ್ಕೆ ಆಕವ್ರಂತೆ. ತಟ್ಟೆ ಲೋಟ ಎಲ್ಲಾ ಬೇರೆಯಂತೆ. ಮಗೀನ ತೌರಲ್ಲೇ ಎತ್ಕೊ, ಇತ್ಲಾಗ್ ಬರ್ಬ್ಯಾಡ ಅಂತವ್ಳಂತೆ ಅತ್ತೆ.”

“ಅವಳದು ನೆಗೆಟಿವ್ ಕಣಯ್ಯ!”

“ನಂಗೊತ್ತು ಸಾ. ಆದ್ರೆ ನೀವೇ ಇಂದ್ಲ ಕಿಟ್ಕಿಗೆ ಕರುದ್ರಲ್ಲ.”

ವೈದ್ಯಾಧಿಕಾರಿಗಳ ಹತ್ತಿರ ಓಡಿದೆ. ಆಕೆಗೆ ಆ ರೋಗವಿಲ್ಲವೆಂದು ಬರೆದುಕೊಡಿ ಎಂದೆ. ಅವರು ಕನ್ನಡಕ ಹಣೆಗೇರಿಸಿ, “ಇಲ್ಲದ ರೋಗಕ್ಕೆ ಸರ್ಟಿಫಿಕೇಟ್ ಕೊಡೋ ಫಾರಂ ನಮ್ಮಲ್ಲಿ ಇಲ್ಲ ಕಣ್ರೀ,” ಎಂದರು. ಬಿಳಿಯ ಹಾಳೆಯಲ್ಲಿ ನಾನೇ ಬರೆದೆ. ಕೊನೆಗೆ ಸಹಿ ಹಾಕಿ ಮೊಹರು ಒತ್ತಿದರು. ಮೊಹರು ನೇರಳೆ ಬಣ್ಣದಲ್ಲಿ ದುಂಡಗೆ ಮೂಡಿತು. ಅದರ ಮುಂದೆ ಯಾವ ಅತ್ತೆಯೂ ನಿಲ್ಲಲಾರಳು ಎಂದು ನಂಬಿ ಭಾನುವಾರ ಬಸ್ಸು ಹತ್ತಿದೆ.

ಹೊಗೆಸೊಪ್ಪಿನ ಮೊದಲ ಕೊಯ್ಲು ನಡೆದಿತ್ತು. ಮಳೆಯ ನಡುವೆ, ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಹಳ್ಳಿಯ ಬ್ಯಾರನ್ನುಗಳೆಲ್ಲ ಹೊಗೆಯಾಡುತ್ತಿದ್ದವು. ಸೊಪ್ಪು ಹದವಾಗುವ ಸಿಹಿಗಮಟು ದಾರಿಯುದ್ದಕ್ಕೂ. ರತ್ನ ಬ್ಯಾರನ್ನಿನ ಗೋಡೆಗೆ ಒರಗಿಸಿದ ಚಪ್ಪರದಲ್ಲಿ ಕಾಲು ಚಾಚಿ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಮನೆಯೊಳಗೆ ಬಿಡದವರು ಕೆಲಸ ಮಾತ್ರ ಬಿಡಿಸಿರಲಿಲ್ಲ. ಅವಳು ಮುಟ್ಟಿದ ಸೊಪ್ಪು ಮಾರುಕಟ್ಟೆಗೆ ಹೋಗಬಹುದು, ಅವಳು ಮುಟ್ಟಿದ ತಟ್ಟೆ ಅಡುಗೆಮನೆಗೆ ಹೋಗಬಾರದು. ಗಂಡ ಸ್ವಾಮಿ ಒಲೆಗೆ ಸೌದೆ ತಳ್ಳುತ್ತ ನನ್ನ ಕಡೆ ನೋಡಿ, ತಲೆ ತಗ್ಗಿಸಿ, ಮತ್ತೆ ಸೌದೆ ತಳ್ಳಿದ.

ಹಾಳೆ ಬಿಚ್ಚಿ, ನ್ಯಾಯಾಲಯದ ತೀರ್ಪಿನಂತೆ ಓದಿದೆ. ಬಿ ಪಾಸಿಟಿವ್ ಎಂದರೆ ರಕ್ತದ ಗುಂಪು, ಅದು ಎಲ್ಲರಿಗೂ ಇರುತ್ತದೆ, ರೋಗದ ಪರೀಕ್ಷೆಯೇ ಬೇರೆ, ಅದನ್ನು ಮಾಡಿದವನು ನಾನೇ ಎಂದೆಲ್ಲ ಹೇಳಿದೆ. ನಿಂಗಮ್ಮ ಸೊಂಟಕ್ಕೆ ಕೈಕೊಟ್ಟು ಪೂರ್ತಿ ಕೇಳಿಸಿಕೊಂಡಳು. ಮುಖ ಸ್ವಲ್ಪ ಸಡಿಲವಾಯಿತು ಕೂಡ.

“ಅಂಗಾರೆ ಏನೂ ಇಲ್ಲ ಅಂತೀರಾ?”

“ಏನೂ ಇಲ್ಲ.”

“ಸತ್ಯವಾಗ್ಲೂ?”

“ಸತ್ಯವಾಗ್ಲೂ.”

ಅಷ್ಟರಲ್ಲಿ ರತ್ನ ಎದ್ದು, ಚಪ್ಪರದ ಮೂಲೆಯಲ್ಲಿದ್ದ ಮೂರು ಕಲ್ಲಿನ ಒಲೆಯಿಂದ ಕಾಫಿ ಬಗ್ಗಿಸಿ ತಂದಳು. ಮಳೆಯಲ್ಲಿ ನಡೆದು ಬಂದವನಿಗೆ ಕೊಡಬೇಕಾದದ್ದೇ. ಅವಳಿಗೆಂದು ಬೇರೆಯಿಟ್ಟಿದ್ದ ಅಲ್ಯೂಮಿನಿಯಂ ಲೋಟ, ಅಂಚು ಜಜ್ಜಿಹೋದದ್ದು. ಇನ್ನೊಂದು ಲೋಟ ಅವಳ ಬಳಿ ಇರಲಿಲ್ಲ.

ನನ್ನ ಕೈ ನಿಂತಿತು.

ಒಂದು ಕ್ಷಣ. ಹೆಚ್ಚಲ್ಲ. ಅವಳ ರಕ್ತವನ್ನು ನನ್ನ ಈ ಕೈಯಿಂದಲೇ ತೆಗೆದಿದ್ದೆ, ಬಾಯಿಂದ ಹೀರಿದ್ದೆ, ಕಿಟ್ಟಿನಲ್ಲಿ ಪರೀಕ್ಷಿಸಿದ್ದೆ, ನೆಗೆಟಿವ್ ಎಂದು ಬರೆದಿದ್ದೆ. ಇದ್ದಿದ್ದರೂ ಲೋಟದಿಂದ ಬರುವುದಿಲ್ಲವೆಂದು ಹನ್ನೊಂದನೆಯ ಪ್ರಶ್ನೆಗೆ ಉತ್ತರಿಸಿದ್ದೆ. ಇಷ್ಟೆಲ್ಲ ತಲೆಗೆ ಗೊತ್ತಿತ್ತು. ಕೈಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಆಮೇಲೆ ಲೋಟ ಹಿಡಿದು ಗಟಗಟನೆ ಕುಡಿದೆ. ನಾಲಗೆ ಸುಟ್ಟಿತು. ಆದರೆ ನಿಂಗಮ್ಮನ ಕಣ್ಣು ಆ ಕ್ಷಣವನ್ನು ಹಿಡಿದಾಗಿತ್ತು.

“ನೋಡ್ದೇನ್ಲಾ ಸ್ವಾಮಿ,” ಎಂದಳು ಮಗನಿಗೆ. “ಲ್ಯಾಬ್ನೋರೇ ಇಂದ್‌ಮುಂದ್ ನೋಡ್ತಾವ್ರೆ. ಕಾಗ್ದ ತಂದವ್ರೆ ಕಾಗ್ದ!”

ರತ್ನ ಖಾಲಿ ಲೋಟ ಇಸಿದುಕೊಂಡಳು. “ನೀವೇ ಪರೀಕ್ಷೆ ಮಾಡಿದ್ದು ಅಲ್ವಾ ಸಾ?” ಎಂದಳು, ಅಷ್ಟೆ. ಆಮೇಲೆ, ಮೊಹರು ಒತ್ತಿದ ಹಾಳೆಯನ್ನು ಮಡಚಿ ನನ್ನ ಕೈಗೇ ಇಟ್ಟು, “ಇದ್ನ ತಕ್ಕೊಂಡೋಗಿ. ನಿಮ್ಗೇ ಬೇಕಾಯ್ತದೆ,” ಎಂದಳು.

ಆ ವಾರದಲ್ಲೇ ಅವಳನ್ನು ಬೈಲಕುಪ್ಪೆ ಕಡೆಯ ತೌರಿಗೆ ಅಟ್ಟಿದರೆಂದು ಮಾದಯ್ಯ ಹೇಳಿದ. ಹೆರಿಗೆ ಅಲ್ಲೇ ಆಯಿತು, ಹೆಣ್ಣುಮಗು. ಗಂಡ ನೋಡಲು ಹೋಗಲಿಲ್ಲ.

ನಾನು ಮಾಡಿದ್ದಿಷ್ಟು. ಒಂದು ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಮುಂದಿನ ಕಿಟಕಿಗೆ ನಾಲ್ಕು ಮೊಳೆ ಹೊಡೆದೆ. ಮೇಲೊಂದು ಚೀಟಿ ಅಂಟಿಸಿದೆ: ‘ಸಾರ್ವಜನಿಕರ ಗಮನಕ್ಕೆ. ಮಳೆಯಿಂದ ಮರ ಉಬ್ಬಿ ಈ ಕಿಟಕಿಯು ತೆರೆಯಲಾಗದ ಸ್ಥಿತಿಯಲ್ಲಿರುವುದರಿಂದ, ಮುಂದಿನ ಆದೇಶದವರೆಗೆ ಸಕಲ ವರದಿಗಳನ್ನೂ ಹಿಂದಿನ ಕಿಟಕಿಯಲ್ಲಿಯೇ ವಿತರಿಸಲಾಗುವುದು.’ ವೈದ್ಯಾಧಿಕಾರಿಗಳು ಬಂದು ಮೊಳೆಗಳನ್ನು ಎಣಿಸಿದರು.

“ಮೊಳೆ ಹೊಡೆದ ಮರ ಉಬ್ಬುತ್ತೇನ್ರೀ?”

“ಒಳಗಿಂದ ಉಬ್ಬುತ್ತೆ ಸಾರ್.”

ಅವರು ಇನ್ನೇನೂ ಕೇಳಲಿಲ್ಲ. ಊರು ಕೇಳಿತು. ಹೋಟೆಲಿನ ಯಜಮಾನರು ತಮ್ಮ ಸಕ್ಕರೆಯ ವರದಿಯನ್ನು ಹಿಂದಿನ ಕಿಟಕಿಯಿಂದ ಪಡೆಯುವುದಕ್ಕಿಂತ ಸಾಯುವುದು ಮೇಲೆಂದರು. ಹಾಗೇ ಆಗಲಿ, ಆದರೆ ವರದಿ ಮಾತ್ರ ಹಿಂದೆಯೇ ಎಂದೆ. ಹೈಸ್ಕೂಲಿನ ಹೆಡ್‌ಮಾಸ್ಟರು ತಮ್ಮ ಬದಲು ಜವಾನನನ್ನು ಕಳಿಸಿದರು; ಜವಾನ ಜಗಲಿ ದಾಟಲು ಒಪ್ಪದೆ ಹೊರಟುಹೋದ. ನನ್ನ ಮೇಲೆ ಮೂರು ಮೂಗರ್ಜಿ ಹೋದವು. ಆದರೆ ಕೆಮ್ಮು, ಜ್ವರ, ಸಕ್ಕರೆ, ಬಸಿರು ಯಾವುದೂ ಕಾಯುವುದಿಲ್ಲ. ದೀಪಾವಳಿಯ ಹೊತ್ತಿಗೆ ಇಡೀ ತಾಲ್ಲೂಕು ನೇರಳೆ ಮರದ ಕೆಳಗೆ ಸಾಲು ನಿಂತಿತ್ತು. ಕಲ್ಲುಚಪ್ಪಡಿ ಜನ ಕೂತು ಕೂತು ನುಣುಪಾಯಿತು. ಮಾದಯ್ಯನಿಗೆ ಕೂಗಲು ಕೆಲಸವಿಲ್ಲದೆ ಬೇಸರವಾಯಿತು.

ನಿಂಗಮ್ಮನೂ ಬಂದಳು. ಕಣ್ಣಿನ ಪೊರೆ ತೆಗೆಸಬೇಕಿತ್ತು. ಅದಕ್ಕೆ ಮುಂಚೆ ರಕ್ತ ಪರೀಕ್ಷೆ. ಕಾರ್ಡು ಪಡೆದು, ಈ ಸಲ ಯಾರ ಕೈಗೂ ಕೊಡದೆ ನನ್ನನ್ನೇ ಕೇಳಿದಳು. ನಾನು ಸಾವಕಾಶವಾಗಿ, ಗಂಭೀರವಾಗಿ ಓದಿದೆ: “ಓ ಪಾಸಿಟಿವ್.”

ಅವಳ ಕೈಯ ಛತ್ರಿ ಬಿತ್ತು. “ನಂಗಾ? ನಂಗೆಲ್ಲಿಂದ ಬತ್ತು ಸಾ? ನಮ್ಮೆಜಮಾನ್ರು ಓಗಿ ಏಳೊರ್ಸ ಆಯ್ತು!”

“ನಿಮ್ಮ ಸೊಸೆಗೆ ಎಲ್ಲಿಂದ ಬಂತೋ ಅಲ್ಲಿಂದ್ಲೇ.”

ಚಪ್ಪಡಿಯ ಮೇಲೆ ಕುಸಿದು ಕೂತಳು. ನಾನು ಸ್ವಲ್ಪ ಹೊತ್ತು ಹಾಗೇ ಬಿಟ್ಟೆ. ಅದು ತಪ್ಪು, ತಪ್ಪೆಂದು ಗೊತ್ತಿದ್ದೇ ಬಿಟ್ಟೆ. ಆಮೇಲೆ ಹೇಳಿದೆ, ಇದು ರಕ್ತದ ಗುಂಪು, ನಿಮ್ಮದು ಓ, ಅವಳದು ಬಿ, ನನ್ನದೂ ಪಾಸಿಟಿವ್ವೇ, ಈ ಸಾಲಿನಲ್ಲಿ ನಿಂತವರ ಪೈಕಿ ಹೆಚ್ಚಿನವರದೂ ಅದೇ.

ಅವಳು ಕಾರ್ಡನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕಿಟಕಿಯ ಸರಳಿಗೆ ಮುಖವಿಟ್ಟು ಮೆಲ್ಲಗೆ ಅಂದಳು: “ಇದ್ನ ನಮ್ಮೂರಲ್ಲಿ ಯಾರ್ಗೂ ಏಳ್ಬ್ಯಾಡಿ ಸಾ.”

ಗೌಪ್ಯತೆಯೆಂದರೇನು ಎಂಬುದು ಅವಳಿಗೆ ತರಬೇತಿಯಿಲ್ಲದೆಯೇ ಗೊತ್ತಿತ್ತು.

ಸೊಸೆಯನ್ನು ತೌರಿನಿಂದ ಮನೆಗೆ ಕರೆತಂದಳು. ಬುದ್ಧಿ ಬಂದು ಅಲ್ಲ, ಭಯ ಬಂದು. ಮುಂದಿನ ಬೇಸಿಗೆಯಲ್ಲಿ ರತ್ನ ಮಗುವಿನ ಜ್ವರಕ್ಕೆಂದು ಬಂದು ಹಿಂದಿನ ಕಿಟಕಿಯಲ್ಲಿ ನಿಂತಳು. ಮನೆಯಲ್ಲಿ ಹೇಗಿದೆ ಎಂದು ಕೇಳಿದೆ. “ತಟ್ಟೆ ಈಗ ಒಂದೇ ಸಾ,” ಎಂದಳು. ವರದಿ ಇಸಿದುಕೊಂಡು ಹೊರಟವಳು ತಿರುಗಿದಳು.

“ಒಂದ್ ಮಾತ್ ಕೇಳ್ಲಾ? ನಂಗೆ ದಿಟವಾಗ್ಲೂ ಇದ್ದಿದ್ರೆ, ನೀವು ಮಳೇಲಿ ಅಷ್ಟು ದೂರ ಬತ್ತಿದ್ರಾ?”

ನಾನು ರಿಜಿಸ್ಟರಿನ ಕಡೆ ತಿರುಗಿದೆ. ಆ ರಿಜಿಸ್ಟರಿನಲ್ಲೇ, ಅದೇ ಮಳೆಗಾಲದಲ್ಲಿ, ದಿಟವಾಗಿಯೂ ಇದ್ದವರ ಹೆಸರುಗಳಿದ್ದವು. ಅವರೂ ಆ ಕಿಟಕಿಗೆ ಬಂದಿದ್ದರು. ಅವರಿಗೂ ಚಪ್ಪರ ಸಿಕ್ಕಿರಬೇಕು, ಜಜ್ಜಿದ ಲೋಟ ಸಿಕ್ಕಿರಬೇಕು. ನಾನು ಒಬ್ಬರ ಮನೆಗೂ ಬಸ್ಸು ಹತ್ತಲಿಲ್ಲ. ಅವರಿಗಾಗಿ ಯಾವ ಬಿಳಿಹಾಳೆಗೂ ಮೊಹರು ಒತ್ತಿಸಲಿಲ್ಲ. ತಲೆಯೆತ್ತುವಷ್ಟರಲ್ಲಿ ರತ್ನ ಹೋಗಿದ್ದಳು. ಮರುವರ್ಷ ನನಗೆ ವರ್ಗವಾಯಿತು.

“ಮುಷ್ಟಿ ಕಟ್ಟಿ ಸಾರ್,” ಎಂದಳು ಟೆಕ್ನಿಷಿಯನ್ ಹುಡುಗಿ.

ಕಟ್ಟಿದೆ. ಗೋಡೆಯ ಮೇಲೆ ಯಾರದೋ ಹೊಸ ಪ್ರಮಾಣಪತ್ರ ಕಟ್ಟು ಹಾಕಿಸಿಕೊಂಡು ಕೂತಿತ್ತು. ಮುಂದಿನ ಕಿಟಕಿಗೆ ಅಲ್ಯೂಮಿನಿಯಂ ಜಾರುಬಾಗಿಲು ಬಂದು ನನ್ನ ಮೊಳೆಗಳ ಗುರುತೂ ಉಳಿದಿರಲಿಲ್ಲ. ಮೇಜಿನ ತುದಿಯಲ್ಲಿ ಒಂದೇ ಒಂದು ಕೊಳವೆ ಬೇರೆ ಸ್ಟ್ಯಾಂಡಿನಲ್ಲಿ ನಿಂತಿತ್ತು. ದಾರ ಹೋಗಿ ಕೆಂಪು ಸ್ಟಿಕ್ಕರು ಬಂದಿತ್ತು. ಸೂಜಿ ಹಿಡಿದ ಹುಡುಗಿಯ ಕೈ ಬರಿಗೈ.

“ಅದ್ಯಾಕಮ್ಮ ಕೆಂಪು?”

“ಅದು ಬೇರೆ ಸಾರ್. ಹುಷಾರಾಗಿರ್ಬೇಕು.”

“ನನ್ನದಕ್ಕೆ ಹುಷಾರು ಬೇಡವೇ? ಗ್ಲೌಸ್ ಹಾಕ್ಕೊ.”

ನಕ್ಕಳು. “ಬುಡಿ ಸಾರ್, ನಿಮ್ದು ಬರೀ ಶುಗರ್ ಅಲ್ವಾ?”

“ಬರೀ ಶುಗರ್ ಅಂತ ನಿನಗೆ ಹೇಗೆ ಗೊತ್ತು?”

ಅವಳ ಕೈ ನಿಂತಿತು. ಆ ನಿಲ್ಲುವಿಕೆಯನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ನನ್ನ ಮುಖ ನೋಡಿದಳು, ತೋಳು ನೋಡಿದಳು, ಎದ್ದು ಹೋಗಿ ಕೈಗವಸು ತಂದಳು. ಎರಡು ಜೊತೆ. ನನ್ನ ಕೊಳವೆಯನ್ನು ಕೆಂಪು ಸ್ಟಿಕ್ಕರಿನ ಪಕ್ಕಕ್ಕೆ ನಿಲ್ಲಿಸಿದಳು. ವಿವರಿಸಬಹುದಿತ್ತು. ಬೇಡವೆನಿಸಿತು.

ಒಂದು ಗಂಟೆಯ ಮೇಲೆ ಜಗಲಿಯಲ್ಲಿ ಹೆಸರು ಕೂಗಿದರು. ನಾನೆದ್ದು ಮುಂದಿನ ಕಿಟಕಿಯ ಕಡೆ ಹೊರಟೆ. “ನೀವು ಹಿಂದ್ಗಡೆ ಬನ್ನಿ ಸಾರ್,” ಎಂದಳು ಹುಡುಗಿ, ಒಳಗಿನಿಂದ. ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದಾಕೆ ತನ್ನ ಬುತ್ತಿಚೀಲವನ್ನು ಎಳೆದು ಮಡಿಲಿಗಿಟ್ಟುಕೊಂಡಳು. ಜಗಲಿಯ ಉದ್ದಕ್ಕೂ ಎಲ್ಲರ ಕಣ್ಣ ಮುಂದೆ ನಡೆದು ಹೋದೆ. ನೇರಳೆ ಮರ ಇನ್ನೂ ಇತ್ತು. ಚಪ್ಪಡಿಯ ಮೇಲೆ ಹಾವಸೆ ಕಟ್ಟಿತ್ತು. ಅದರ ಮೇಲೇ ಕೂತೆ.

ಸರಳಿನ ಆಚೆಯಿಂದ ಹುಡುಗಿ ವರದಿಯ ಒಂದು ಮೂಲೆ ಹಿಡಿದು ಚಾಚಿದಳು. “ಶುಗರ್ ಸ್ವಲ್ಪ ಜಾಸ್ತಿ ಇದೆ ಸಾರ್,” ಎಂದಳು, ಪಿಸುದನಿಯಲ್ಲಿ.

ಅವಳ ಹಿಂದಿನ ಮೇಜಿನ ಮೇಲೆ ನೀರಿನ ಸ್ಟೀಲ್ ಬಾಟಲಿಯೂ ಪಕ್ಕದಲ್ಲೊಂದು ಲೋಟವೂ ಇದ್ದವು.

“ಕುಡಿಯೋಕೆ ಒಂದು ಲೋಟ ನೀರು ಕೊಡಮ್ಮ,” ಎಂದೆ.

ಲೋಟದ ಕಡೆ ನೋಡಿದಳು. ನನ್ನ ಕಡೆ ನೋಡಿದಳು.

“ಗೇಟಿನ ಹತ್ರ ನಲ್ಲಿ ಇದೆ ಸಾರ್.”